8.8.8.8 ಹಾಕಿದರೂ ನೆಟ್ ಯಾಕೆ ಬರುತ್ತಿಲ್ಲ?

ಪ್ರಶ್ನೆ: ವಿಂಡೋಸ್ ಕಂಪ್ಯೂಟರಿನಲ್ಲಿ ವೈಫೈ ಕನೆಕ್ಟ್ ಆಗಿದೆ, ಆದರೆ ನೆಟ್ ಇಲ್ಲ. ಡಿಎನ್‌ಎಸ್ 8.8.8.8 ಅಂತ ಹಾಕಿ ನೋಡಿದೆ. ಏನೂ ಪ್ರಯೋಜನವಾಗಲಿಲ್ಲ.

ಆಗುವುದೂ ಇಲ್ಲ. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಗೂಗಲ್ 2009ರಲ್ಲಿ ಶುರು ಮಾಡಿದ ಈ ಡಿಎನ್‌ಎಸ್ ಮಾಡುವುದು ಒಂದೇ ಕೆಲಸ: ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ, ಅಂದರೆ ನೆಟ್‌ನಲ್ಲಿ ಅದನ್ನು ಗುರುತಿಸುವ ನಂಬರು, ಹೇಳುತ್ತದೆ. ದಾರಿ ಹೇಳಿದವರು ನಿಮ್ಮನ್ನು ಹೊತ್ತುಕೊಂಡು ಹೋಗಿ ಬಿಡಲ್ಲ, ಅಲ್ವಾ? ನಿಮ್ಮ ಮನೆ ಗೇಟಿಗೇ ಬೀಗ ಬಿದ್ದಿದ್ದರೆ ವಿಳಾಸ ಇಟ್ಟುಕೊಂಡು ಏನು ಮಾಡುತ್ತೀರಿ? ಸ್ಪೀಡ್ ಜಾಸ್ತಿ ಆಗುತ್ತೆ ಅನ್ನುವುದೂ ಸುಮ್ನೆ ಮಾತು. 40 ಎಂಬಿಪಿಎಸ್ ಪ್ಲಾನ್ 40ರದ್ದೇ. ಪೇಜ್ ಒಂದು ಚೂರು ಬೇಗ ತೆರೆದೀತು, ಅಷ್ಟೇ.

ತಪ್ಪು ಡಿಎನ್‌ಎಸ್‌ದೇನಾ ಅಂತ ನೋಡಬೇಕೆ? ಕಮಾಂಡ್ ಪ್ರಾಂಪ್ಟ್ ತೆರೆದು 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ping 8.8.8.8 ಅಂತ ಟೈಪ್ ಮಾಡಿ ಆ ಕಡೆಯಿಂದ ಉತ್ತರ ಬರುತ್ತಾ ನೋಡಿ. ಆಮೇಲೆ ಯಾವುದಾದರೂ ಸೈಟಿನ ಹೆಸರಿಗೆ ಮಾಡಿ. ನಂಬರಿಗೆ ಉತ್ತರ ಬಂದು, ಹೆಸರು ಸಿಗುತ್ತಿಲ್ಲ ಅಂದರೆ ಡಿಎನ್‌ಎಸ್ ಕಡೆ ನೋಡಿ. ಎರಡಕ್ಕೂ ಉತ್ತರವಿಲ್ಲದಿದ್ದರೆ ಅದನ್ನು ಮುಟ್ಟಲೇಬೇಡಿ. ಅಲ್ಲೇ ಐಪಿಕಾನ್ಫಿಗ್ (ipconfig) ಕಮಾಂಡ್ ಕೊಟ್ಟು ಐಪಿವಿ4 ಸಾಲು ಓದಿ. 169.254 ಅಂತ ಶುರುವಾದರೆ ರೂಟರಿನಿಂದ ವಿಳಾಸ ಸಿಕ್ಕಿಲ್ಲ, ಕಂಪ್ಯೂಟರ್ ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. ರೂಟರ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ.

ಹೋದ ವಾರ ನಮ್ಮ ಅತ್ತೆ ಮನೆಯಲ್ಲಿ 192.168.1.25 ಅಂತ ಚೆನ್ನಾಗಿಯೇ ತೋರಿಸುತ್ತಿತ್ತು. ರೂಟರ್ ಹೊಸದು, ಅದರ ವಿಳಾಸ 192.168.0.1. ಮೂರನೇ ಸಂಖ್ಯೆ ಒಂದು ಕಡೆ 1, ಇನ್ನೊಂದು ಕಡೆ 0. ಹೀಗಿದ್ದರೆ ಕಂಪ್ಯೂಟರಿಗೂ ರೂಟರಿಗೂ ಮಾತುಕತೆಯೇ ಇಲ್ಲ. ಯಾವತ್ತೋ ಯಾರೋ ಇದೇ 8.8.8.8 ಹಾಕುವಾಗ ಐಪಿಯನ್ನೂ ಕೈಯಾರೆ ತುಂಬಿ ಹೋಗಿದ್ದರು! ಹಳೇ ರೂಟರ್ ಇರುವವರೆಗೆ ನಡೆಯಿತು. ಐಪಿ, ಡಿಎನ್‌ಎಸ್ ಎರಡನ್ನೂ ಆಟೊಮ್ಯಾಟಿಕ್‌ಗೆ ಹಾಕಿದೆ. ಕಾಫಿ ಬರುವಷ್ಟರಲ್ಲಿ ನೆಟ್ ಬಂದಿತ್ತು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಪಿಂಗ್ ಎಲ್ಲ ಸರಿಯಿದ್ದು, ಬ್ರೌಸರ್ ಮಾತ್ರ ಪ್ರತಿ ಸೈಟಿಗೂ ಕನೆಕ್ಷನ್ ಸುರಕ್ಷಿತವಲ್ಲ ಅಂತ ಹಟ ಹಿಡಿದರೆ ಕೆಳಗೆ ಮೂಲೆಯಲ್ಲಿ ತಾರೀಕು ನೋಡಿ. ಹಳೇ ಡೆಸ್ಕ್‌ಟಾಪ್ ಹತ್ತು ವರ್ಷ ಹಿಂದಿನ ದಿನ ತೋರಿಸುತ್ತಿರಬಹುದು. ಸೈಟಿನ ಸರ್ಟಿಫಿಕೇಟಿಗೆ, ಅಂದರೆ ಅದರ ಗುರುತಿನ ಚೀಟಿಗೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ, ತಾರೀಕು ತಪ್ಪಿದ್ದರೆ ಬ್ರೌಸರ್ ಅದನ್ನು ಒಪ್ಪಲ್ಲ. ತಾರೀಕು ಸರಿಮಾಡಿ. ಪ್ಲಗ್ ತೆಗೆದು ಹಾಕಿದಾಗೆಲ್ಲ ಮತ್ತೆ ಹಿಂದೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸೆಲ್ ಮುಗಿದಿದೆ. ನಾಣ್ಯದ ಹಾಗೆ ದುಂಡಗಿರುತ್ತದೆ. ಅಂಗಡಿಯಲ್ಲಿ ಸಿಆರ್ 2032 ಅಂತ ಕೇಳಿ. ಹಾಕುವಾಗ ಪ್ಲಸ್ ಗುರುತಿನ ಮುಖ ಮೇಲಿರಲಿ.