ಬೆಲ್ಲ ಹಾಕುವ ಮೊದಲು ಕೂಸಿನ ಪಾಲು ತೆಗೆದಿಡಿ

ನನ್ನ ಮಗಳ ಮೊದಲ ಚೌತಿಗೆ ಅವಳಿಗೆ ಹತ್ತು ತಿಂಗಳು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಯ ತವರಿಗೆ ಹೋಗಿದ್ದೆವು. ಹೊರಗೆ ಹಿಡಿದು ಬಿಡದ ಮಳೆ. ಒಳಗೆ ಚಕ್ಕುಲಿ ಹಿಟ್ಟು, ಹುರಿದ ಎಳ್ಳು, ಕಡುಬಿಗೆ ತಂದಿಟ್ಟ ಅರಿಶಿನ ಎಲೆ, ಎಲ್ಲದರ ಪರಿಮಳ ಒಟ್ಟಿಗೆ. ಪೂಜೆ ಮುಗಿದದ್ದೇ ತಡ, ಆಯಿ (ನನ್ನ ಅಮ್ಮ) ಪಂಚಕಜ್ಜಾಯವನ್ನು ಚಿಟಿಕೆಯಲ್ಲಿ ಹಿಡಿದು ಕೂಸಿನ ಬಾಯಿಯ ಹತ್ತಿರ ತಂದಳು. ನಾನು ಕೈ ಅಡ್ಡ ಇಟ್ಟೆ.

"ಒಂಚೂರು ನೆಕ್ಕಿಸಿದ್ರೆ ಎಂತಾ ಆಗ್ತು?" ಅಂತ ಕೇಳಿದಳು ಆಯಿ.

ಆಗ ನನಗೆ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ, ಸುಮ್ನೆ "ಬೇಡ" ಅಂದೆ, ಅವಳಿಗೆ ಬೇಜಾರಾಯಿತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿದ್ದು, ಅಡುಗೆಮನೆಯಲ್ಲಿ ಮಾಡಿ ನೋಡಿದ್ದು ಇಲ್ಲಿದೆ.

ಮೊದಲು ನಿಜವಾದ ಮಾತು. ಒಂದು ಚಿಟಿಕೆ ಬೆಲ್ಲದಿಂದ ಯಾವ ಮಗುವಿಗೂ ರೋಗ ಬರುವುದಿಲ್ಲ. ಆದರೆ ಚೌತಿ ಒಂದು ಚಿಟಿಕೆಗೆ ನಿಲ್ಲುವ ಹಬ್ಬ ಅಲ್ಲ. ಪಕ್ಕದ ಮನೆಯ ಗಣಪತಿ ನೋಡಲು ಹೋದರೆ ಅಲ್ಲೊಂದು ಚೂರು, ಬಂದ ನೆಂಟರ ಕೈಯಿಂದ ಇನ್ನೊಂದು, ಮರುದಿನ ಉಳಿದ ಮೋದಕ, ಆಮೇಲೆ ನವರಾತ್ರಿ, ದೊಡ್ಡಹಬ್ಬ ಅಂದರೆ ದೀಪಾವಳಿ, ಕಾರವಾರದ ಗೆಳತಿಯ ಮನೆಯ ಕ್ರಿಸ್ಮಸ್, ಆಲೆಮನೆ, ಮಾರಿಕಾಂಬಾ ಜಾತ್ರೆ ಇರುವ ವರ್ಷವಾದರೆ ಅದೂ ಸೇರಿ. ಎಂಟು ಕಿಲೋ ತೂಕದ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಸುವುದೇ ಸುಮಾರು 240 ಮಿಲಿಲೀಟರ್, ಕಿಲೋಗೆ 30 ಮಿಲಿ ಲೆಕ್ಕ. ಅಷ್ಟು ಪುಟ್ಟ ಜಾಗದಲ್ಲಿ ಸಕ್ಕರೆ ಕುಳಿತರೆ ಬೇಳೆಗೆ, ಸೊಪ್ಪಿಗೆ, ಮೊಟ್ಟೆಗೆ ಜಾಗ ಎಲ್ಲಿ? ಆರು ತಿಂಗಳ ನಂತರ ಹುಟ್ಟಿನಿಂದ ಬಂದ ಕಬ್ಬಿಣದ ದಾಸ್ತಾನು ಕರಗುತ್ತಾ ಬರುತ್ತದೆ, ಊಟದಿಂದಲೇ ಅದು ತುಂಬಬೇಕು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ 6ರಿಂದ 23 ತಿಂಗಳ ಮಕ್ಕಳ ಊಟದ ಬಗ್ಗೆ ಮಾರ್ಗಸೂಚಿ ಹೊರತಂದಿತು. ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿ ಬೇಡ, ಸಿಹಿ ಪಾನೀಯ ಬೇಡ, ಸಕ್ಕರೆಯ ಬದಲಿಗೆ ಬರುವ ಕೃತಕ ಸಿಹಿಯೂ ಬೇಡ ಎನ್ನುತ್ತದೆ ಅದು. ಅಮೆರಿಕದ ಹೃದ್ರೋಗ ಸಂಘ ಎರಡು ವರ್ಷದವರೆಗೆ ಸೇರಿಸಿದ ಸಕ್ಕರೆ ಬೇಡವೇ ಬೇಡ ಎಂದು 2016ರಲ್ಲೇ ಹೇಳಿತ್ತು.

ಇಷ್ಟು ಕಟ್ಟುನಿಟ್ಟು ಯಾಕೆ ಅನ್ನುವುದಕ್ಕೆ ನನಗೆ ತುಂಬಾ ನಾಟಿದ ಉತ್ತರ ಬ್ರಿಟನ್ನಿನದು. ಎರಡನೇ ಮಹಾಯುದ್ಧದಿಂದ ಅಲ್ಲಿ ಸಕ್ಕರೆ ರೇಷನ್‌ನಲ್ಲಿ ಸಿಗುತ್ತಿತ್ತು. 1953ರ ಸೆಪ್ಟೆಂಬರ್‌ನಲ್ಲಿ ಆ ಕಟ್ಟು ತೆಗೆದರು. ಅಲ್ಲಿಯವರೆಗೆ ದಿನಕ್ಕೆ ಸರಾಸರಿ 40 ಗ್ರಾಂ ತಿನ್ನುತ್ತಿದ್ದ ಜನ ಸ್ವಲ್ಪ ಸಮಯದಲ್ಲೇ 80 ಗ್ರಾಂ ಹತ್ತಿರ ಹೋದರು. ಹಾಗಾಗಿ ಕೆಲವೇ ವರ್ಷಗಳ ಅಂತರದಲ್ಲಿ ಹುಟ್ಟಿದ, ಉಳಿದೆಲ್ಲ ಒಂದೇ ತರಹ ಇದ್ದ ಮಕ್ಕಳಲ್ಲಿ ಕೆಲವರ ಮೊದಲ ಸಾವಿರ ದಿನ ಕಡಿಮೆ ಸಕ್ಕರೆಯಲ್ಲಿ, ಉಳಿದವರದು ಜಾಸ್ತಿ ಸಕ್ಕರೆಯಲ್ಲಿ ಕಳೆಯಿತು. ಅವರೆಲ್ಲ ಐವತ್ತು, ಅರವತ್ತು ದಾಟಿದ ಮೇಲೆ ಅವರ ಆರೋಗ್ಯದ ದಾಖಲೆ ನೋಡಿದ ಅಧ್ಯಯನ 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ರೇಷನ್ ಕಾಲದಲ್ಲಿ ಬೆಳೆದವರಲ್ಲಿ ಎರಡನೇ ಬಗೆಯ ಸಕ್ಕರೆ ಕಾಯಿಲೆಯ ಅಪಾಯ ಸುಮಾರು 35 ಶೇಕಡಾ ಕಡಿಮೆ, ರಕ್ತದೊತ್ತಡದ್ದು ಸುಮಾರು 20 ಶೇಕಡಾ ಕಡಿಮೆ. ತಾಯಿ ಬಸುರಿಯಾಗಿದ್ದಾಗ ತಿಂದದ್ದೂ ಈ ಸಾವಿರ ದಿನದ ಲೆಕ್ಕದಲ್ಲಿ ಸೇರುತ್ತದೆ. ಸಕ್ಕರೆ ಕಾಯಿಲೆ ಮನೆಮನೆಯಲ್ಲೂ ಇರುವ ನಮ್ಮ ಕಡೆಗೆ ಇದು ದೂರದ ದೇಶದ ಕತೆ ಅಂತ ನನಗೆ ಅನಿಸುವುದಿಲ್ಲ.

ಇನ್ನು ನಾಲಿಗೆಯ ವಿಷಯ. ಸಿಹಿಯನ್ನು ಮಗುವಿಗೆ ಯಾರೂ ಕಲಿಸಬೇಕಾಗಿಲ್ಲ, ಹುಟ್ಟುವಾಗಲೇ ಇಷ್ಟಪಡುತ್ತದೆ. ನೂರು ಮಿಲಿ ಎದೆಹಾಲಿನಲ್ಲಿ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಇದೆ, ಆದರೆ ಅದು ನಾವು ತಿನ್ನುವ ಸಕ್ಕರೆಗಿಂತ ತುಂಬಾ ಸಪ್ಪೆ. ಆ ಮೆಲುವಾದ ಸಿಹಿಯೇ ಮಗುವಿನ ಅಳತೆಗೋಲು. ಅಮೆರಿಕದಲ್ಲಿ 1980ರ ದಶಕದಲ್ಲಿ ಮಕ್ಕಳನ್ನು ಎರಡು ವರ್ಷದವರೆಗೆ ಗಮನಿಸಿದಾಗ, ಎಳವೆಯಲ್ಲಿ ಸಕ್ಕರೆ ನೀರು ಕುಡಿದು ಅಭ್ಯಾಸ ಇದ್ದವರು ಎರಡು ವರ್ಷಕ್ಕೂ ಸಿಹಿ ನೀರನ್ನೇ ಹೆಚ್ಚು ಕುಡಿಯುತ್ತಿದ್ದರು. ಅಂದರೆ ಸಿಹಿಯ ಆಸೆ ಹುಟ್ಟಿನಿಂದ ಬಂದದ್ದಾದರೂ ಯಾವುದರಲ್ಲಿ ಎಷ್ಟು ಸಿಹಿ ಇರಬೇಕು ಅನ್ನುವುದು ನಾವು ಕೊಟ್ಟು ಕಲಿಸಿದ್ದು.

"ಸಕ್ಕರೆ ಬೇಡ, ಬೆಲ್ಲ ಹಾಕಿದ್ರೆ ಆಯ್ತಲೆ" ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಾನೂ ಜೋನಿ ಬೆಲ್ಲ ಹಚ್ಚಿದ ದೋಸೆ ತಿಂದು ಬೆಳೆದವಳು, ತೊಡದೇವು ಅಂದರೆ ಪ್ರಾಣ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ, ಅದೇ ಕಬ್ಬಿನ ಹಾಲಿನ ಸುಕ್ರೋಸ್. ಅದರಲ್ಲಿ ಕಬ್ಬಿಣ ಇರುವುದು ನಿಜ, ಆದರೆ ಮಗು ತಿನ್ನುವ ಒಂದು ಚಮಚದಲ್ಲಿ ಸಿಗುವುದು ಒಂದು ಮಿಲಿಗ್ರಾಂನಷ್ಟೂ ಇಲ್ಲ. ಹಲ್ಲಿಗಂತೂ ಬೆಲ್ಲ, ಸಕ್ಕರೆ ಎಂಬ ಭೇದವೇ ಇಲ್ಲ. ಹಲ್ಲು ಹುಳುಕಾಗಿಸುವ ಬ್ಯಾಕ್ಟೀರಿಯಾ ಸುಕ್ರೋಸ್ ಸಿಕ್ಕರೆ ಹುಳಿ ಬಿಡುವುದು ಮಾತ್ರವಲ್ಲ, ಅದರಿಂದಲೇ ಅಂಟು ಮಾಡಿಕೊಂಡು ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಹಾಲುಹಲ್ಲಿನ ಮೇಲಿನ ಹೊದಿಕೆ ದೊಡ್ಡವರದ್ದಕ್ಕಿಂತ ತೆಳು.

ಜೇನಿನ ಬಗ್ಗೆ ಮಾತ್ರ ಸ್ವಲ್ಪ ಜೋರಾಗಿ ಹೇಳುತ್ತೇನೆ. ನಮ್ಮಲ್ಲಿ ಹಿತ್ತಲಿಗೊಂದು ತುಡುವೆ ಪೆಟ್ಟಿಗೆ ಇರುತ್ತದೆ, ಮಿಸರಿ ಜೇನು ಎಂದರೆ ಔಷಧಿಯೇ ಎಂಬ ನಂಬಿಕೆ ಇದೆ, ಹುಟ್ಟಿದ ಮಗುವಿಗೆ ನೆಕ್ಕಿಸುವವರೂ ಇದ್ದಾರೆ. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಅದು ಮಣ್ಣಿನಲ್ಲಿ ಇರುವಂಥದ್ದು, ಜೇನು ಎಷ್ಟೇ ಶುದ್ಧವಾದರೂ ಬರಬಹುದು, ಮನೆಯಲ್ಲಿ ಕುದಿಸಿದರೂ ಸಾಯುವುದಿಲ್ಲ. ನಮ್ಮ ಕರುಳಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳ ದಂಡೇ ಇರುವುದರಿಂದ ಅದು ಮೊಳೆಯಲಾಗುವುದಿಲ್ಲ. ಎಳೆಗೂಸಿನ ಕರುಳಿನಲ್ಲಿ ಆ ದಂಡು ಇನ್ನೂ ಬಲಿತಿರುವುದಿಲ್ಲ. ಅಲ್ಲಿ ಮೊಳೆತು ವಿಷ ಬಿಟ್ಟರೆ ಮೊದಲು ಮಲಬದ್ಧತೆ, ಆಮೇಲೆ ಅಳು ಕ್ಷೀಣವಾಗಿ, ಹಾಲು ಚೀಪಲಾಗದೆ, ಕತ್ತು ನಿಲ್ಲದೆ ಹೋಗುತ್ತದೆ. ಅಪರೂಪದ ಕಾಯಿಲೆ. ಆದರೆ ಇಂಥದ್ದು ಕಂಡರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಹಾಗಾದರೆ ಹಬ್ಬದ ದಿನ ಕೂಸಿಗೆ ಸಿಹಿಯೇ ಇಲ್ಲವಾ? ಇದೆ. ನನಗೆ ಬಹಳ ಖುಷಿ ಕೊಟ್ಟ ಸಂಗತಿ ಇದೇ.

ಹಿಟ್ಟಿನ ಅಂಶ ಎಂದು ನಾವು ಕರೆಯುವ ಪಿಷ್ಟ ಅಂದರೆ ಸಕ್ಕರೆಯ ಕಣಗಳನ್ನು ಸಾಲಾಗಿ ಪೋಣಿಸಿದ ಸರ. ಸರ ಉದ್ದ ಇರುವಾಗ ನಾಲಿಗೆಗೆ ಸಪ್ಪೆ. ತುಂಡಾದರೆ ಸಿಹಿ. ಅದನ್ನು ತುಂಡರಿಸುವ ಕತ್ತರಿಯ ಹೆಸರು ಅಮೈಲೇಸ್, ಅದು ಒಂದು ಕಿಣ್ವ. ನಮ್ಮ ಎಂಜಲಿನಲ್ಲೂ ಇದೆ, ಅದಕ್ಕೇ ಅನ್ನವನ್ನು ತುಂಬಾ ಹೊತ್ತು ಅಗಿದರೆ ಸಿಹಿಯಾಗುತ್ತದೆ. ಎದೆಹಾಲಿನಲ್ಲೂ ಇದೆ. ಗೆಣಸಿನಲ್ಲಂತೂ ಬೇಕಾದಷ್ಟಿದೆ.

ಆಯಿ ಗೆಣಸನ್ನು ಬಚ್ಚಲೊಲೆಯ ಬಿಸಿ ಬೂದಿಯಲ್ಲಿ ಹೂತಿಟ್ಟು ಮರೆತುಬಿಡುತ್ತಿದ್ದಳು. ಒಂದು ಗಂಟೆ ಬಿಟ್ಟು ತೆಗೆದರೆ ಸಿಪ್ಪೆಯಿಂದ ಕಂದು ಪಾಕ ಒಸರುತ್ತಿತ್ತು. ಅದೇ ಗೆಣಸನ್ನು ನಾನು ಕುಮಟಾದಲ್ಲಿ ಕುಕ್ಕರಿನಲ್ಲಿ ಮೂರು ಸೀಟಿ ಹೊಡೆಸಿದರೆ ಅಷ್ಟು ರುಚಿಯಿಲ್ಲ. ಗೆಣಸೇ ಸರಿಯಿಲ್ಲ ಅಂದುಕೊಂಡಿದ್ದೆ. ಕಾರಣ ಬಿಸಿ ಏರುವ ವೇಗದಲ್ಲಿದೆ. ಗೆಣಸು ಸುಮಾರು 60ರಿಂದ 75 ಡಿಗ್ರಿ ಬಿಸಿಯಲ್ಲಿ ಇರುವಾಗ ಅದರ ಪಿಷ್ಟ ಉಬ್ಬಿ ಬಿಚ್ಚಿಕೊಳ್ಳುತ್ತದೆ, ಅಮೈಲೇಸ್ ಕೂಡ ಚುರುಕಾಗಿರುತ್ತದೆ, ಅದು ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತಾ ಹೋಗುತ್ತದೆ. ಬೂದಿಯಲ್ಲಿ ಗೆಣಸು ಆ ಹದದಲ್ಲಿ ತುಂಬಾ ಹೊತ್ತು ಇರುತ್ತದೆ. ಕುಕ್ಕರಿನಲ್ಲಿ ಆ ಹದ ದಾಟಿ ಬಿಸಿ ಸರ್ರನೆ ಮೇಲೇರುತ್ತದೆ, ಕಿಣ್ವ ಕೆಟ್ಟು ಕೆಲಸ ನಿಲ್ಲಿಸುತ್ತದೆ. ಈಗ ನಾನು ದಪ್ಪ ತಳದ ಪಾತ್ರೆಯಲ್ಲಿ ಸಿಪ್ಪೆ ಸಮೇತ ಇಟ್ಟು, ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡುತ್ತೇನೆ. ಆಮೇಲೆ ನಾರು ತೆಗೆದು ನುಣ್ಣಗೆ ಕಿವುಚಿ, ಒಂದು ಹನಿ ತುಪ್ಪ, ಚೂರು ಏಲಕ್ಕಿ ಹಾಕಿ ಮೋದಕದ ಅಚ್ಚಿನಲ್ಲಿ ಒತ್ತಿದರೆ ಕೂಸಿನ ಮೋದಕ. ಮೆತ್ತಗೆ, ಕೈಯಲ್ಲಿ ಹಿಡಿಯಬಹುದು, ಬಾಯಲ್ಲಿ ಕರಗುತ್ತದೆ.

ಬಾಳೆಹಣ್ಣಿನಲ್ಲೂ ಇದೇ ಕೆಲಸ, ಆದರೆ ಒಲೆ ಇಲ್ಲದೆ. ಕಾಯಿಯಲ್ಲಿ ನೂರಕ್ಕೆ ಇಪ್ಪತ್ತು ಭಾಗದಷ್ಟು ಪಿಷ್ಟ ಇದ್ದರೆ ಪೂರ್ತಿ ಹಣ್ಣಾಗುವಾಗ ಬಹುತೇಕ ಎಲ್ಲ ಸಕ್ಕರೆಯಾಗಿರುತ್ತದೆ. ಸಿಪ್ಪೆಗೆ ಕಪ್ಪು ಚುಕ್ಕೆ ಬಂದ ಪುಟ್ಟಬಾಳೆಯನ್ನು ಯಾರೂ ಮುಟ್ಟುವುದಿಲ್ಲ ಅಲ್ವಾ, ಕೂಸಿನ ಎಲೆಗಡುಬಿಗೆ ಅದೇ ಬೇಕು. ದೊಡ್ಡವರ ಕಡುಬಿಗೆ ಅರೆದ ಅಕ್ಕಿ ಹಿಟ್ಟನ್ನೇ ಅರಿಶಿನ ಎಲೆಗೆ ತೆಳ್ಳಗೆ ಹಚ್ಚಿ, ಬೆಲ್ಲದ ಹೂರಣದ ಬದಲು ಕಿವುಚಿದ ಹಣ್ಣು, ನುಣ್ಣಗೆ ಅರೆದ ತೆಂಗಿನಕಾಯಿ ಇಟ್ಟು ಮಡಚಿ ಬೇಯಿಸಿ. ಕಾಯಿತುರಿ ಹಾಗೇ ಹಾಕಬೇಡಿ, ಎಳೆ ಮಕ್ಕಳ ಗಂಟಲಿಗೆ ಸಿಕ್ಕುತ್ತದೆ.

ಹಣ್ಣಿನಲ್ಲಿರುವುದೂ ಸಕ್ಕರೆಯೇ ಅಲ್ಲವಾ ಎಂದು ನನ್ನ ಅತ್ತಿಗೆ ಕೇಳಿದರು. ಒಳ್ಳೆಯ ಪ್ರಶ್ನೆ. ಇಡೀ ಹಣ್ಣಿನಲ್ಲಿ ಸಕ್ಕರೆ ನಾರಿನ ಗೋಡೆಗಳ ಒಳಗೆ ನೀರಿನ ಜೊತೆ ಇರುತ್ತದೆ, ಮೆಲ್ಲಗೆ ಹೊರಬರುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ. ರಸ ಹಿಂಡಿದರೆ ಗೋಡೆ ಒಡೆದ ಹಾಗೆ, ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಹಣ್ಣಿನ ರಸವನ್ನು ಜೇನು, ಪಾಕಗಳ ಸಾಲಿಗೆ ಸೇರಿಸುತ್ತದೆ. ಖರ್ಜೂರವೂ ಹಣ್ಣೇ, ನೆನೆಸಿ ಅರೆದು ಸ್ವಲ್ಪ ಹಾಕಬಹುದು. ಆದರೆ ಅದರ ಮುಕ್ಕಾಲು ಭಾಗದ ಹತ್ತಿರ ಸಕ್ಕರೆ, ಹಲ್ಲಿಗೆ ಅಂಟುತ್ತದೆ, ನಾನು ಇಡೀ ಪಾತ್ರೆಗೆ ಒಂದೋ ಎರಡೋ ಹಾಕುತ್ತೇನೆ ಅಷ್ಟೆ. ಅಂಗಡಿಯ ಮಕ್ಕಳ ಬಿಸ್ಕತ್ತಿನ ಮೇಲೆ 'ಸಕ್ಕರೆ ಸೇರಿಸಿಲ್ಲ' ಅಂತ ಇದ್ದರೂ ಹಿಂದೆ ತಿರುಗಿಸಿ ಓದಿ, ಹಣ್ಣಿನ ರಸದ ಕಾನ್ಸಂಟ್ರೇಟ್, ಮಾಲ್ಟ್ ಸಿರಪ್ ಅಂತ ಇರಬಹುದು.

ರಾಗಿ ಮಣ್ಣಿ ನನ್ನ ಅಚ್ಚುಮೆಚ್ಚು. ರಾಗಿಯನ್ನು ಮೊಳಕೆ ಬರಿಸಿದರೆ ಅದರೊಳಗೆ ಅಮೈಲೇಸ್ ಹುಟ್ಟುತ್ತದೆ, ಮೊಳಕೆಗೆ ಊಟ ಬೇಕಲ್ಲ, ಬೀಜದ ಪಿಷ್ಟ ಕರಗಿಸಿಕೊಳ್ಳಲು. ಆ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸಿದರೆ ಗಂಜಿ ಗಟ್ಟಿಯಾಗದೆ ತೆಳ್ಳಗಾಗುತ್ತದೆ, ಸ್ವಲ್ಪ ಸಿಹಿಯೂ ಬರುತ್ತದೆ. ತೆಳ್ಳಗಿರುವುದರಿಂದ ಅದೇ ಬಟ್ಟಲಿನಲ್ಲಿ ಜಾಸ್ತಿ ಹಿಟ್ಟು ಹಿಡಿಸುತ್ತದೆ, ಪುಟ್ಟ ಹೊಟ್ಟೆಗೆ ಜಾಸ್ತಿ ಶಕ್ತಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಮೊಳಕೆ ಹಿಟ್ಟಿಗೆ ಅಷ್ಟೇ ಸಾದಾ ರಾಗಿ ಹಿಟ್ಟು ಸೇರಿಸಿ, ಕಾಯಿಹಾಲು ಹಾಕಿ ತಳ ಬಿಡುವವರೆಗೆ ಕಾಯಿಸಿ, ತುಪ್ಪ ಸವರಿದ ತಟ್ಟೆಗೆ ಹೊಯ್ದು ಆರಿಸಿ ಕತ್ತರಿಸಿದರೆ ಹಬ್ಬದ ಬರ್ಫಿಯ ಹಾಗೇ ಕಾಣುತ್ತದೆ. ಒಂದು ಎಚ್ಚರಿಕೆ, ಮೊಳಕೆ ರಾಗಿಯನ್ನು ಬೇಸಿಗೆಯ ಬಿಸಿಲಿನಲ್ಲೇ ಒಣಗಿಸಿ ಡಬ್ಬಿ ತುಂಬಿಡಿ. ಚೌತಿಯ ಮಳೆಯಲ್ಲಿ ಒಣಗಿಸಲು ಹೋದರೆ ಬೂಷ್ಟು ಬರುತ್ತದೆ, ಅದನ್ನು ಎಸೆಯಲೇಬೇಕು.

ಪರಿಮಳಕ್ಕೂ ಇಲ್ಲಿ ದೊಡ್ಡ ಪಾಲಿದೆ. ಸಿಹಿಯ ಜೊತೆ ಸದಾ ಬರುವ ವಾಸನೆ ಮೂಗಿಗೆ ಬಿದ್ದರೆ ಮೆದುಳು ಇದ್ದದ್ದಕ್ಕಿಂತ ಜಾಸ್ತಿ ಸಿಹಿ ಎಂದು ಓದಿಕೊಳ್ಳುತ್ತದೆ. ವೆನಿಲಾದಲ್ಲಿ ಇದನ್ನು ಚೆನ್ನಾಗಿ ಪರೀಕ್ಷಿಸಿದ್ದಾರೆ. ನಮಗೆ ಏಲಕ್ಕಿ ಆ ಜಾಗದಲ್ಲಿದೆ. ಮಕ್ಕಳು ವಾಸನೆಯನ್ನು ಇನ್ನೂ ಮೊದಲೇ ಕಲಿಯುತ್ತಾರೆ. ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದವರ 2001ರ ಅಧ್ಯಯನದಲ್ಲಿ, ಬಸುರಿಯಲ್ಲೋ ಬಾಣಂತನದಲ್ಲೋ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಆಮೇಲೆ ಕ್ಯಾರೆಟ್ ರುಚಿಯ ಗಂಜಿಯನ್ನು ಮುಖ ಸಿಂಡರಿಸದೆ ತಿಂದರು. ನನ್ನ ಮಗಳಿಗೆ ಚೌತಿ ಅಂದರೆ ಬೆಂದ ಅರಿಶಿನ ಎಲೆಯ ವಾಸನೆ ಎಂದಾದರೆ ಸಾಕು, ಹಬ್ಬ ಅವಳಿಗೆ ಪೂರ್ತಿ ಸಿಕ್ಕಿದ ಹಾಗೆ ಎಂದು ನನ್ನ ಎಣಿಕೆ.

ಪಂಚಕಜ್ಜಾಯದ ಪುಡಿಯನ್ನು ಒಣಗಿದ್ದ ಹಾಗೇ ಬಾಯಿಗೆ ಹಾಕುವುದು ಬೆಲ್ಲಕ್ಕಿಂತ ದೊಡ್ಡ ಅಪಾಯ, ಕೆಮ್ಮಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಹುರಿದ ಕಡಲೆಬೇಳೆ, ಎಳ್ಳು ನುಣ್ಣಗೆ ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಒದ್ದೆಯಾಗಿ ಕಲಸಿ ಕೊಡಿ. ಇಡೀ ಶೇಂಗಾ, ಗೋಡಂಬಿ, ಗಟ್ಟಿ ಉಂಡೆ, ಚಕ್ಕುಲಿ ಚೂರು ನಾಲ್ಕು ವರ್ಷದವರೆಗೆ ಕೈಗೆ ಸಿಗದ ಹಾಗೆ ಇಡಿ. ಹಬ್ಬದ ಮನೆಯಲ್ಲಿ ನೆಲದ ಮೇಲೆ ಬಿದ್ದದ್ದನ್ನು ಕೂಸು ಮೊದಲು ಹುಡುಕುತ್ತದೆ, ಅದರ ಮೇಲೊಂದು ಕಣ್ಣಿಡಬೇಕು.

ಆಯಿಗೆ ನಾನು ಇದನ್ನೆಲ್ಲ ಉಪದೇಶದ ಹಾಗೆ ಹೇಳಲಿಲ್ಲ. ಕಳೆದ ವರ್ಷ ಅವಳ ಜೊತೆ ಕುಳಿತು ಕಡುಬು ಮಾಡುವಾಗ ಬೂದಿಯ ಗೆಣಸಿನ ವಿಷಯ ಹೇಳಿದೆ. ತಾನು ವರ್ಷಗಟ್ಟಲೆ ಮಾಡಿದ್ದಕ್ಕೆ ಹೀಗೊಂದು ಕಾರಣ ಇದೆ ಎಂದು ತಿಳಿದು ಅವಳ ಮುಖ ಅರಳಿತು. ಆಮೇಲೆ ಯಾರೂ ಹೇಳದೆ ತಾನೇ ಒಂದು ಸಣ್ಣ ಸ್ಟೀಲ್ ಬಟ್ಟಲು ತಂದು, ಬೆಲ್ಲ ಹಾಕುವ ಮೊದಲು ಅರೆದ ಕಾಯಿಯಲ್ಲಿ ಒಂದು ಹಿಡಿ ಅದಕ್ಕೆ ತೆಗೆದಿಟ್ಟು, "ಇದು ಕೂಸಿಗೆ" ಅಂದಳು. ಆ ಬಟ್ಟಲು ಈಗ ಅವಳ ಅಡುಗೆಮನೆಯ ಗೂಡಿನಲ್ಲಿ ಬೇರೆಯೇ ಇರುತ್ತದೆ. ಮೊನ್ನೆ ಫೋನಿನಲ್ಲಿ, ಹಿತ್ತಲಲ್ಲಿ ಅರಿಶಿನ ಎಲೆ ಈ ಸಲ ಅಗಲವಾಗಿ ಬಂದಿದೆ, ಎರಡು ದಿನ ಮೊದಲೇ ಬನ್ನಿ ಅಂದಳು.