ಟ್ಯಾಂಕಿನಲ್ಲಿ ಎಷ್ಟಿತ್ತು? ಎಫ್1 ಟೆಸ್ಟಿಂಗ್‌ನ ಟೈಮ್ ಓದುವ ಬಗೆ

ಓದುಗರ ಪ್ರಶ್ನೆ: ಸೀಸನ್ ಶುರುವಾಗುವ ಮೊದಲು ನಡೆಯುವ ಫಾರ್ಮುಲಾ 1 ಟೆಸ್ಟಿಂಗ್‌ನ ಟೈಮ್ ಪಟ್ಟಿ ನೋಡಿ ಪ್ರತಿ ವರ್ಷ ‘ಈ ಸಲ ಇವರದ್ದೇ’ ಅಂದುಕೊಳ್ಳುತ್ತೇವೆ. ಮೊದಲ ರೇಸ್‌ಗೆ ಎಲ್ಲ ತಲೆಕೆಳಗಾಗಿರುತ್ತದೆ. ಹಾಗಾದರೆ ಆ ಟೈಮ್‌ಗಳಿಗೆ ಬೆಲೆಯೇ ಇಲ್ಲವೇ? ಇಲ್ಲದಿದ್ದರೆ ಅಷ್ಟೂ ದಿನ ಅಲ್ಲಿ ಮಾಡುವುದಾದರೂ ಏನು?

ಉತ್ತರ: ಪಟ್ಟಿಯ ಮೇಲಿನ ಸಾಲಿಗೆ ಬೆಲೆ ಕಡಿಮೆ. ಪಟ್ಟಿಯಲ್ಲಿ ಕಾಣದ ಉದ್ದನೆಯ ಓಟಗಳಿಗೆ ಬೆಲೆ ಬಹಳ. 2025ರ ಬಹರೇನ್ ಟೆಸ್ಟಿಂಗ್ ನೋಡಿ. ಮೂರು ದಿನಕ್ಕೆ ಒಟ್ಟಾಗಿ ಅತಿ ವೇಗದ ಲ್ಯಾಪ್ ವಿಲಿಯಮ್ಸ್‌ನ ಕಾರ್ಲೋಸ್ ಸೈನ್ಸ್ ಅವರದು, 1 ನಿಮಿಷ 29.348 ಸೆಕೆಂಡ್. ವರ್ಷದ ಕೊನೆಗೆ ತಂಡಗಳ ಚಾಂಪಿಯನ್‌ಶಿಪ್ ಮೆಕ್ಲಾರೆನ್‌ಗೆ ಹೋಯಿತು, ವಿಲಿಯಮ್ಸ್ ಐದನೆಯದಾಯಿತು. ಆದರೆ ಸೈನ್ಸ್ ಆ ಟೈಮ್ ಹಾಕಿದ ಎರಡನೇ ದಿನವೇ ಲ್ಯಾಂಡೊ ನಾರಿಸ್ ಮೆಕ್ಲಾರೆನ್‌ನಲ್ಲಿ ರೇಸ್‌ನಷ್ಟು ಉದ್ದ ಓಡಿಸಿದ್ದರು. ಆ ಲ್ಯಾಪ್‌ಗಳನ್ನು ಒಂದರ ಕೆಳಗೊಂದು ಬರೆದುಕೊಂಡವರಿಗೆ ಯಾರ ಕಡೆ ನೋಡಬೇಕು ಅನ್ನುವುದು ಅವತ್ತೇ ಗೊತ್ತಾಗಿತ್ತು.

2019 ಇನ್ನೂ ಮೋಸದ ವರ್ಷ. ಬಾರ್ಸಿಲೋನಾದಲ್ಲಿ ಫೆರಾರಿಯ ಸೆಬಾಸ್ಟಿಯನ್ ವೆಟೆಲ್ 1:16.221, ಮರ್ಸಿಡಿಸ್‌ನ ಲೂಯಿಸ್ ಹ್ಯಾಮಿಲ್ಟನ್ 1:16.224. ನಡುವೆ ಸೆಕೆಂಡಿನ ಸಾವಿರ ಭಾಗದಲ್ಲಿ ಬರೀ ಮೂರು ಭಾಗ. ಮೊದಲ ರೇಸ್‌ಗೆ ಮೆಲ್ಬರ್ನ್‌ಗೆ ಹೋದಾಗ ಕ್ವಾಲಿಫೈಯಿಂಗ್‌ನಲ್ಲಿ (ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಓಟ) ವೆಟೆಲ್ 0.7 ಸೆಕೆಂಡ್ ಹಿಂದೆ ಬಿದ್ದರು. ರೇಸ್ ಗೆದ್ದ ವಾಲ್ಟೆರಿ ಬೊಟಾಸ್ ಗೆರೆ ದಾಟಿ ಸುಮಾರು 57 ಸೆಕೆಂಡ್ ಆದ ಮೇಲೆ ವೆಟೆಲ್ ನಾಲ್ಕನೆಯವರಾಗಿ ಬಂದರು.

ಮರೆಯಲ್ಲಿರುವ ಲೆಕ್ಕ

ಹೊರಗಿನವರಿಗೆ ಗೊತ್ತಾಗದ ಸಂಗತಿಗಳಲ್ಲಿ ದೊಡ್ಡದು ಪೆಟ್ರೋಲ್. 2025ರವರೆಗಿನ ನಿಯಮದಲ್ಲಿ ಒಂದು ರೇಸ್‌ಗೆ ಗರಿಷ್ಠ 110 ಕೆಜಿ. 10 ಕೆಜಿ ಪೆಟ್ರೋಲ್ ಹೆಚ್ಚಿದ್ದರೆ ಲ್ಯಾಪ್‌ಗೆ ಸರಿಸುಮಾರು 0.3 ಸೆಕೆಂಡ್ ನಷ್ಟ. ಟ್ರ್ಯಾಕ್ ಉದ್ದ, ತಿರುವುಗಳ ಮೇಲೆ ಸ್ವಲ್ಪ ಆಚೀಚೆ. ಒಬ್ಬ 10 ಕೆಜಿ ಹಾಕಿಕೊಂಡು ಹೋಗಿ, ಇನ್ನೊಬ್ಬ 60 ಕೆಜಿ ಹಾಕಿಕೊಂಡು ಹೋದರೆ ಅಲ್ಲೇ ಒಂದೂವರೆ ಸೆಕೆಂಡ್ ಆಯಿತು. ಬಹರೇನ್‌ನ ಕ್ವಾಲಿಫೈಯಿಂಗ್‌ನ ಮೊದಲ ಹಂತದಲ್ಲಿ ಮೊದಲನೆಯವನಿಗೂ ಕೊನೆಯವನಿಗೂ ಇರುವ ಅಂತರವೇ ಎಷ್ಟೋ ಸಲ ಅಷ್ಟಿರುವುದಿಲ್ಲ.

ಎರಡನೆಯದು ಟೈರ್. ಪಿರೆಲ್ಲಿಯ ಒಣ ಟೈರ್‌ಗಳಲ್ಲಿ ಸಿ1 ಅತಿ ಗಟ್ಟಿ, ಸಂಖ್ಯೆ ಏರಿದಂತೆ ಮೆದು. ಒಂದು ಹಂತ ಮೆದುವಾದರೆ ಅರ್ಧ ಸೆಕೆಂಡಿನ ಆಸುಪಾಸು ಸಿಗುತ್ತದೆ. ಬಹರೇನ್‌ನ ಡಾಂಬರು ಒರಟು. ಅಲ್ಲಿ ತೀರಾ ಮೆದು ಟೈರ್ ಲ್ಯಾಪ್ ಮುಗಿಯುವ ಹೊತ್ತಿಗೆ ಬಿಸಿಯೇರಿ ಹಿಡಿತ ಬಿಡುವುದೂ ಉಂಟು, ಹಾಗಾಗಿ ಈ ಲೆಕ್ಕವೂ ನೇರ ಗೆರೆಯಲ್ಲ. ಮೂರನೆಯದು ಎಂಜಿನ್ ಎಷ್ಟು ತೆರೆದಿದ್ದಾರೆ ಅನ್ನುವುದು. ಪೂರ್ತಿ ಶಕ್ತಿಯಲ್ಲಿ ಓಡಿಸಲೇಬೇಕೆಂಬ ಒತ್ತಾಯ ಟೆಸ್ಟಿಂಗ್‌ನಲ್ಲಿ ಯಾರಿಗೂ ಇಲ್ಲ. ಇನ್ನು ನಿಯಮದ ಪ್ರಕಾರ ಕಾರಿಗೆ ಇರಲೇಬೇಕಾದ ಕನಿಷ್ಠ ತೂಕ. ಟೆಸ್ಟಿಂಗ್‌ನಲ್ಲಿ ಅಂಕವೂ ಇಲ್ಲ, ಅನರ್ಹತೆಯೂ ಇಲ್ಲ. ಪ್ರಾಯೋಜಕರ ಕಣ್ಣಿಗೆ ಬೀಳಲು ಹಗುರ ಕಾರು ಬಿಟ್ಟು ಒಂದು ಟೈಮ್ ಹಾಕಿಸುವ ಚಾಳಿ ಹಿಂದೆ ಸಣ್ಣ ತಂಡಗಳಲ್ಲಿ ಚೆನ್ನಾಗಿಯೇ ಇತ್ತು.

ನಾಲ್ಕನೆಯದನ್ನು ಜನ ಗಮನಿಸುವುದೇ ಕಡಿಮೆ: ಗಂಟೆ ಎಷ್ಟು? 2025ರಲ್ಲಿ ಬಹರೇನ್ ಟೆಸ್ಟಿಂಗ್ ಅಲ್ಲಿನ ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ, ನಡುವೆ ಒಂದು ಗಂಟೆ ಊಟದ ಬಿಡುವು. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 12.30ರಿಂದ ರಾತ್ರಿ 9.30. ಮಧ್ಯಾಹ್ನದ ಬಿಸಿಲಿಗೆ ರಸ್ತೆ ಕಾದಿರುತ್ತದೆ, ಗಾಳಿ ಮರಳು ತಂದು ಸುರಿಯುತ್ತದೆ. ಸೂರ್ಯ ಮುಳುಗಿದ ಮೇಲೆ ರಸ್ತೆ ತಣ್ಣಗಾಗಿ, ಮೈಮೇಲೆ ರಬ್ಬರ್ ಕೂತು, ಅದೇ ಕಾರು ಅದೇ ಪೆಟ್ರೋಲ್‌ನಲ್ಲಿ ಗಣನೀಯವಾಗಿ ವೇಗವಾಗುತ್ತದೆ. ಅಲ್ಲಿನ ಗ್ರಾಂ ಪ್ರೀ ನಡೆಯುವುದೂ ದೀಪದ ಬೆಳಕಿನಲ್ಲೇ. ಆದ್ದರಿಂದ ನಮ್ಮ ರಾತ್ರಿ 7.30ರಿಂದ 9.30ರ ನಡುವಿನ ಟೈಮ್‌ಗಳನ್ನು ಅದೇ ಹೊತ್ತಿನ ಟೈಮ್‌ಗಳ ಜೊತೆ ಮಾತ್ರ ಹೋಲಿಸಿ. 2025ರಲ್ಲಂತೂ ಆ ಮರುಭೂಮಿಯಲ್ಲಿ ಚಳಿ, ಮಳೆ, ಮೇಲೆ ಕರೆಂಟೂ ಹೋಯಿತು.

ಲಾಂಗ್ ರನ್ ಏಕೆ ಸುಳ್ಳು ಹೇಳುವುದಿಲ್ಲ

ರೇಸ್ ಸಿಮ್ಯುಲೇಶನ್ ಅಂದರೆ ಬಹರೇನ್‌ನಲ್ಲಿ 57 ಲ್ಯಾಪ್. ಟೈರ್ ಬದಲಿಸಲು ಪಿಟ್‌ಗೆ ಬರುತ್ತಾರೆ, ಕಾರನ್ನು ಗ್ಯಾರೇಜ್ ಒಳಗೆ ತಳ್ಳುವುದಿಲ್ಲ, ಪೆಟ್ರೋಲ್ ತುಂಬುವುದಿಲ್ಲ. 2025ರವರೆಗಿನ ಕಾರು ಹಾಗೆ 57 ಲ್ಯಾಪ್ ಓಡಬೇಕಾದರೆ ಹೊರಡುವಾಗ 100 ಕೆಜಿಯ ಆಸುಪಾಸು ಇರಲೇಬೇಕಿತ್ತು. ಅಡಗಿಸಿಟ್ಟ ದೊಡ್ಡ ಸಂಖ್ಯೆ ತಾನಾಗಿಯೇ ಹೊರಬಿತ್ತು.

ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. 105 ಕೆಜಿ, 57 ಲ್ಯಾಪ್ ಅಂದರೆ ಲ್ಯಾಪ್‌ಗೆ ಸುಮಾರು 1.8 ಕೆಜಿ ಉರಿಯುತ್ತದೆ. ಅಷ್ಟು ಹಗುರವಾದದ್ದಕ್ಕೆ ಪ್ರತಿ ಲ್ಯಾಪ್ ಸುಮಾರು 0.055 ಸೆಕೆಂಡ್ ಬೇಗವಾಗಬೇಕು. ಲ್ಯಾಪ್ ಟೈಮ್ ಇಳಿಯದೆ ಹಾಗೇ ನಿಂತಿದೆ ಅಂದರೆ ಟೈರ್ ಅಷ್ಟನ್ನು ತಿಂದಿದೆ ಅಂತ ಅರ್ಥ. ಉದಾಹರಣೆಗೆಂದು ಎರಡು ಕಾರು ಕಲ್ಪಿಸಿಕೊಳ್ಳಿ, ಎರಡೂ ಒಂದೇ ಟೈರ್‌ನಲ್ಲಿ 15 ಲ್ಯಾಪ್ ಓಡಿದವು. ಮೊದಲನೆಯದು 1:36.0ಯಿಂದ ಶುರುವಾಗಿ 1:36.8ಕ್ಕೆ ಮುಗಿಸಿತು. ಎರಡನೆಯದು 1:35.6ಯಿಂದ 1:37.4ಕ್ಕೆ. ಮೊದಲ ಲ್ಯಾಪ್ ಮಾತ್ರ ನೋಡಿದರೆ ಎರಡನೆಯದು 0.4 ಸೆಕೆಂಡ್ ಮುಂದೆ. ಸರಾಸರಿ ನೋಡಿದರೆ 1:36.4, 1:36.5, ಮೊದಲನೆಯದೇ ಮೇಲು. ಪೆಟ್ರೋಲ್ ಸೇರಿಸಿ ಲೆಕ್ಕ ಹಾಕಿದರೆ ಮೊದಲನೆಯದರ ಟೈರ್ ಸವೆತ ಲ್ಯಾಪ್‌ಗೆ 0.11 ಸೆಕೆಂಡ್, ಎರಡನೆಯದರದು 0.18. ಟೈರ್ ಉಳಿಸುವ ಕಾರು ಒಂದು ಪಿಟ್ ಸ್ಟಾಪ್ ಮುಂದೂಡಬಲ್ಲದು. ಹೊರಟ ಲ್ಯಾಪ್, ಒಳಬಂದ ಲ್ಯಾಪ್, ಬೇರೆ ಕಾರಿನ ಹಿಂದೆ ಸಿಕ್ಕಿಕೊಂಡ ಲ್ಯಾಪ್ ಇವನ್ನು ಕಿತ್ತುಹಾಕಿ ಉಳಿದದ್ದನ್ನಷ್ಟೇ ಸಾಲಾಗಿ ಬರೆದುಕೊಳ್ಳಿ. ಐದಾರು ಲ್ಯಾಪ್‌ನ ಓಟಗಳನ್ನು ಈ ಲೆಕ್ಕಕ್ಕೆ ತರಬೇಡಿ, ಅಲ್ಲಿ ಟ್ಯಾಂಕಿನಲ್ಲಿ ಏನಿತ್ತೋ ದೇವರೇ ಬಲ್ಲ.

ಎದುರಾಳಿ ತಂಡಗಳು ಇಷ್ಟಕ್ಕೇ ನಿಲ್ಲುವುದಿಲ್ಲ. ಎಲ್ಲ ಕಾರುಗಳ ಜಿಪಿಎಸ್ ದತ್ತಾಂಶ ಅವರಿಗೆ ಸಿಗುತ್ತದೆ. ತಿರುವಿನಿಂದ ಹೊರಬಂದು ವೇಗ ಏರುವ ಪರಿಯಿಂದ ತೂಕ, ಶಕ್ತಿ ಎರಡನ್ನೂ ಅಂದಾಜು ಮಾಡುತ್ತಾರೆ.

ಹಗಲಿಡೀ ಏನು ಮಾಡುತ್ತಾರೆ

ಪ್ರಸಕ್ತ ಕಾರನ್ನು ಸೀಸನ್ ನಡುವೆ ಬೇಕಾದಾಗ ಓಡಿಸಿ ನೋಡುವುದಕ್ಕೆ 2009ರಲ್ಲೇ ಕಡಿವಾಣ ಬಿತ್ತು. ಪ್ರಚಾರ ಚಿತ್ರೀಕರಣದ ನೆಪದಲ್ಲಿ 200 ಕಿ.ಮೀ. ಓಡಿಸಬಹುದು, ಅದೂ ಬೇರೆಯದೇ ಟೈರ್‌ನಲ್ಲಿ. ಹಳೆಯ ಸೀಸನ್‌ಗಳ ಕಾರು ಓಡಿಸಲು ಅವಕಾಶವಿದೆ. 2025ಕ್ಕೆ ಆಲ್ಪೀನ್‌ನ ಟೆಸ್ಟ್ ಮತ್ತು ರಿಸರ್ವ್ ಚಾಲಕರಾದ ಬೆಂಗಳೂರಿನ ಕುಶ್ ಮೈನಿಯಂಥವರಿಗೆ ಎಫ್1 ಕಾರಿನ ಅಭ್ಯಾಸಕ್ಕೆ ಮುಖ್ಯ ದಾರಿ ಅದೇ. ಹೊಸ ಕಾರಿಗೆ ಮಾತ್ರ ಈ ಕೆಲವೇ ದಿನ. ತಂಡಕ್ಕೆ ಒಂದೇ ಕಾರು, ಇಬ್ಬರು ಚಾಲಕರು ಹಂಚಿಕೊಳ್ಳಬೇಕು.

ಶುರುವಾಗುವುದು ಇನ್‌ಸ್ಟಾಲೇಶನ್ ಲ್ಯಾಪ್‌ನಿಂದ. ಒಂದೇ ಸುತ್ತು, ಟೈಮ್ ಇಲ್ಲ, ನೇರ ಗ್ಯಾರೇಜ್‌ಗೆ. ಎಂಜಿನ್ ಕವರ್ ತೆಗೆದು ನೀರು, ಎಣ್ಣೆ, ಹೈಡ್ರಾಲಿಕ್ ಎಲ್ಲಾದರೂ ಜಿನುಗಿದೆಯೇ, ಬಿಸಿಗೆ ವೈರಿಂಗ್ ಅಥವಾ ಬಾಡಿವರ್ಕ್ ಸುಟ್ಟಿದೆಯೇ ನೋಡುತ್ತಾರೆ. ಅದಾದ ಮೇಲೆ ಮುಂದಿನ ಚಕ್ರಗಳ ಹಿಂದೆ ದೊಡ್ಡ ಲೋಹದ ಚೌಕಟ್ಟು ಕಟ್ಟಿ ಕಳಿಸುತ್ತಾರೆ. ನೋಡುವುದಕ್ಕೆ ಕಿಟಕಿ ಜಾಲರಿ ಹಾಗಿರುವ ಈ ಏರೋ ರೇಕ್‌ನ ಒಂದೊಂದು ಸಣ್ಣ ಕೊಳವೆಯೂ ತಾನಿರುವ ಜಾಗದ ಗಾಳಿಯ ಒತ್ತಡ ಅಳೆಯುತ್ತದೆ. ನೇರ ರಸ್ತೆಯಲ್ಲಿ ಒಂದೇ ವೇಗ ಹಿಡಿದು ಓಡಿಸಬೇಕು, ಏರಿಳಿದರೆ ಅಳತೆ ಕೆಡುತ್ತದೆ. ಹಾಗಾಗಿ ಬೆಳಗಿನ ಟೈಮ್‌ಗಳು ಅಷ್ಟು ನಿಧಾನ.

ಕಾರಿನ ಮೇಲೆ ಹಸಿರೋ ಹಳದಿಯೋ ಬಣ್ಣ ಎರಚಿದ್ದು ನೋಡಿರಬಹುದು. ಅದು ಫ್ಲೋ-ವಿಸ್: ಮಿಂಚುವ ಬಣ್ಣದ ಪುಡಿಯನ್ನು ತೆಳು ಪ್ಯಾರಫಿನ್ ಎಣ್ಣೆಯಲ್ಲಿ ಕಲಸಿದ್ದು. ಕಾರು ಹೊರಡುವ ಮುನ್ನ ಹಸಿಯಾಗಿ ಬಳಿಯುತ್ತಾರೆ, ಓಡುವಾಗ ಗಾಳಿ ಅದನ್ನು ಎಳೆದು ಗೆರೆ ಮಾಡುತ್ತದೆ, ಎಣ್ಣೆ ಆರಿ ಗೆರೆ ಉಳಿಯುತ್ತದೆ. ವಾಪಸ್ ಬಂದ ಕೂಡಲೇ ಫೋಟೊ. ಗೆರೆ ನೀಟಾಗಿ ಹಿಂದಕ್ಕೆ ಹರಿದಿದ್ದರೆ ಗಾಳಿ ಮೈಗಂಟಿಕೊಂಡು ಹೋಗಿದೆ. ಒಂದು ಕಡೆ ಬಣ್ಣ ಮುದ್ದೆಯಾಗಿ ನಿಂತಿದ್ದರೆ ಅಥವಾ ಸುಳಿ ಬಿದ್ದಿದ್ದರೆ ಅಲ್ಲಿ ಗಾಳಿ ಮೈಬಿಟ್ಟಿದೆ, ಡೌನ್‌ಫೋರ್ಸ್ (ಕಾರನ್ನು ನೆಲಕ್ಕೆ ಒತ್ತುವ ಗಾಳಿಯ ಬಲ) ಸೋರಿದೆ.

ಹೊಸ ಬಿಡಿಭಾಗ ಪರೀಕ್ಷಿಸುವ ಕ್ರಮವೂ ಹೇಳಬೇಕಾದದ್ದೇ. ಹಳೆಯ ರೆಕ್ಕೆ, ಹೊಸ ರೆಕ್ಕೆ, ಮತ್ತೆ ಹಳೆಯ ರೆಕ್ಕೆ, ಹೀಗೆ ಮೂರು ಓಟ. ಮೂರನೆಯದು ಏಕೆ? ಮೊದಲ ಓಟಕ್ಕಿಂತ ಹೊಸ ರೆಕ್ಕೆ 0.3 ಸೆಕೆಂಡ್ ಬೇಗ ಬಂತು ಅನ್ನಿ. ಆಮೇಲೆ ಹಳೆಯದನ್ನೇ ಮತ್ತೆ ಹಾಕಿದಾಗಲೂ ಮೊದಲಿಗಿಂತ 0.2 ಬೇಗ ಬಂದರೆ ಲಾಭದ ಬಹುಪಾಲು ರೆಕ್ಕೆಯದಲ್ಲ, ರಬ್ಬರ್ ಕೂತ ರಸ್ತೆಯದು. ಮೂರೂ ಓಟಕ್ಕೆ ಒಂದೇ ಪೆಟ್ರೋಲ್, ಒಂದೇ ಬಗೆಯ ಟೈರ್ ಇರಬೇಕು. ಗಾಳಿ ದಿಕ್ಕು ನಡುವೆ ಬದಲಾದರೆ ಇಡೀ ಪರೀಕ್ಷೆ ಕಸ.

ಇಷ್ಟೆಲ್ಲ ಅಳತೆ ಮುಖ್ಯವಾಗಿ ಕಾರ್ಖಾನೆಯ ಅಂಕಿಗಳಿಗೆ ತಾಳೆ ನೋಡಲು. ಇದನ್ನೇ ಕೊರಿಲೇಶನ್ ಅನ್ನುತ್ತಾರೆ, ಟೆಸ್ಟಿಂಗ್‌ನ ನಿಜವಾದ ಫಲಿತಾಂಶ ಇದೇ ಎಂಬುದು ನಮ್ಮ ಅಭಿಪ್ರಾಯ. ಗಾಳಿ ಬೀಸಿ ಕಾರಿನ ಮಾದರಿಯನ್ನು ಪರೀಕ್ಷಿಸುವ ವಿಂಡ್ ಟನೆಲ್‌ನಲ್ಲಿ ಶೇ 60ರ ಗಾತ್ರದ ಮಾದರಿ ಮಾತ್ರ ಬಳಸಬಹುದು, ಗಾಳಿಯ ವೇಗ ಸೆಕೆಂಡಿಗೆ 50 ಮೀಟರ್ ಅಂದರೆ ಗಂಟೆಗೆ 180 ಕಿ.ಮೀ. ಮೀರುವಂತಿಲ್ಲ. ಎಷ್ಟು ಸಲ ಬಳಸಬಹುದು ಎಂಬುದಕ್ಕೂ ಮಿತಿ; ಹಿಂದಿನ ಸಲದ ಚಾಂಪಿಯನ್ ತಂಡಕ್ಕೆ ಮೂಲ ಕೋಟಾದ ಶೇ 70, ಒಂದೊಂದು ಸ್ಥಾನ ಕೆಳಗಿಳಿದಂತೆ ಶೇ 5 ಹೆಚ್ಚು. ಕಾರ್ಖಾನೆಯ ಅಂಕಿಗೂ ಟ್ರ್ಯಾಕಿನ ಅಂಕಿಗೂ ತಾಳೆಯಾದರೆ ಮುಂದಿನ ಸುಧಾರಣೆಗಳನ್ನು ಧೈರ್ಯವಾಗಿ ಮಾಡಬಹುದು. ತಾಳೆಯಾಗದಿದ್ದರೆ ವಿಂಡ್ ಟನೆಲ್ ಹೇಳುವ ಯಾವ ಮಾತನ್ನೂ ನಂಬುವಂತಿಲ್ಲ, ವರ್ಷವೇ ಹೋಗುತ್ತದೆ.

2022ರಲ್ಲಿ ಹೀಗೇ ಆಯಿತು. ಕಾರಿನ ತಳದಿಂದ ಡೌನ್‌ಫೋರ್ಸ್ ಪಡೆಯುವ ಹೊಸ ನಿಯಮ ಬಂದಿತ್ತು. ಬಾರ್ಸಿಲೋನಾದ ನೇರ ರಸ್ತೆಯಲ್ಲಿ ಕಾರುಗಳು ಕುಪ್ಪಳಿಸತೊಡಗಿದವು. ವೇಗ ಏರಿದಂತೆ ತಳ ನೆಲಕ್ಕೆ ಎಳೆಯಲ್ಪಡುತ್ತದೆ, ಸಂದು ತೀರಾ ಕಿರಿದಾದಾಗ ಗಾಳಿ ಕಟ್ಟಿ ಎಳೆತ ತಪ್ಪುತ್ತದೆ, ಕಾರು ಮೇಲೇಳುತ್ತದೆ, ಎದ್ದ ಕೂಡಲೇ ಗಾಳಿ ಹರಿದು ಮತ್ತೆ ಎಳೆಯುತ್ತದೆ. ಗಂಟೆಗೆ 180 ಕಿ.ಮೀ. ಮಿತಿಯ ಟನೆಲ್‌ನಲ್ಲಿ, ಕೆಳಗೆ ರಸ್ತೆಯಂತೆ ಓಡುವ ಬೆಲ್ಟ್‌ಗೆ ತಗುಲದಂತೆ ಹಿಡಿದಿಟ್ಟ ಮಾದರಿಯಲ್ಲಿ ಇದು ಕಾಣುವಂಥದ್ದೇ ಅಲ್ಲ. ತಕ್ಷಣದ ಮದ್ದು ತಳದ ಅಂಚು ಕತ್ತರಿಸುವುದು, ಅಂಚು ಬಾಗದಂತೆ ಲೋಹದ ಆಧಾರ ಕೊಡುವುದು, ಇಲ್ಲವೇ ಕಾರನ್ನೇ ಎತ್ತರಿಸುವುದು. ಎತ್ತರಿಸಿದರೆ ಕುಪ್ಪಳಿಕೆ ನಿಲ್ಲುತ್ತದೆ, ಜೊತೆಗೆ ಡೌನ್‌ಫೋರ್ಸೂ ಹೋಗುತ್ತದೆ. ಮರ್ಸಿಡಿಸ್ ಆ ವರ್ಷದ ಬಹುಭಾಗ ಇದರಲ್ಲೇ ಕಳೆಯಿತು.

ಕೊನೆಯ ದಿನ ಯಾವುದಾದರೂ ಕಾರು ರಸ್ತೆ ಬದಿ ನಿಂತು ಕೆಂಪು ಬಾವುಟ ಬಂದರೆ ಕೆಟ್ಟಿತೆಂದು ಕೂಡಲೇ ತೀರ್ಮಾನಿಸಬೇಡಿ. ಬೇಕೆಂದೇ ಪೆಟ್ರೋಲ್ ಖಾಲಿ ಮಾಡಿ, ಪಂಪ್ ಎಷ್ಟರವರೆಗೆ ಎಳೆಯುತ್ತದೆ ಎಂದು ನೋಡುತ್ತಾರೆ. ಎಳೆಯಲಾಗದೆ ತಳದಲ್ಲಿ ಉಳಿಯುವ ಪ್ರತಿ ಕೆಜಿಯನ್ನೂ ಇಡೀ ರೇಸ್ ಹೊರಬೇಕು. ರೇಸ್ ಮುಗಿದಾಗ ಪರೀಕ್ಷೆಗೆ ಒಂದು ಲೀಟರ್ ಕೊಡಲೂ ಬೇಕು. 2021ರ ಹಂಗೇರಿಯಲ್ಲಿ ಎರಡನೆಯವರಾಗಿದ್ದ ವೆಟೆಲ್ ಕಾರಿನಿಂದ 0.3 ಲೀಟರ್ ಮಾತ್ರ ತೆಗೆಯಲಾಗಿ ಸ್ಥಾನವೇ ಹೋಯಿತು.

ಓಡಿದ ಲ್ಯಾಪ್‌ಗಳ ಸಂಖ್ಯೆ ಟೈಮ್‌ಗಿಂತ ನಂಬಿಕೆಗೆ ಅರ್ಹ, ಆದರೂ ಅದೇ ಅಂತಿಮವಲ್ಲ. 2014ರಲ್ಲಿ ಹೈಬ್ರಿಡ್ ವಿ6 ಬಂದಾಗ ರೆಡ್ ಬುಲ್ ಸ್ಪೇನ್‌ನ ಹೆರೆಸ್ ಟೆಸ್ಟಿಂಗ್‌ನಲ್ಲಿ ನಾಲ್ಕು ದಿನಕ್ಕೆ ಓಡಿದ್ದು ಬರೀ 21 ಲ್ಯಾಪ್. ಮೆಲ್ಬರ್ನ್‌ನಲ್ಲಿ ಡೇನಿಯಲ್ ರಿಕಾರ್ಡೊ ಅದೇ ಕಾರಿನಲ್ಲಿ ಎರಡನೆಯವರಾಗಿ ಗೆರೆ ದಾಟಿದರು. ಗಂಟೆಗೆ 100 ಕೆಜಿ ಇಂಧನ ಹರಿವಿನ ಮಿತಿ ಮೀರಿದ್ದಕ್ಕೆ ಆಮೇಲೆ ಅನರ್ಹಗೊಂಡದ್ದು ಬೇರೆ ಮಾತು.

2026ರ ನಿಯಮಗಳು ಬಂದ ಮೇಲೆ ಮರೆಯ ಲೆಕ್ಕಕ್ಕೆ ಐದನೆಯದೊಂದು ಸೇರಿದೆ. ವಿದ್ಯುತ್ ಮೋಟಾರ್ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ, ಬ್ಯಾಟರಿ ಮಾತ್ರ ಬೇಗ ಬರಿದಾಗುತ್ತದೆ. ಕಲಿಯುವುದು ಹೆಚ್ಚಿದೆ ಎಂದೇ ಬಾರ್ಸಿಲೋನಾಕ್ಕೆ ಜನವರಿ 26ರಿಂದ 30, ಬಹರೇನ್‌ಗೆ ಫೆಬ್ರುವರಿ 11ರಿಂದ 13 ಮತ್ತು 18ರಿಂದ 20 ಎಂದು ವೇಳಾಪಟ್ಟಿ ಹಿಗ್ಗಿಸಿದರು. ಇಂಥ ಕಾರುಗಳಲ್ಲಿ ಗರಿಷ್ಠ ವೇಗದ ಅಂಕಿಗಿಂತ ನೇರ ರಸ್ತೆಯ ಕೊನೆಯ ಭಾಗ ಗಮನಿಸಿ. ಚಾಲಕ ಆಕ್ಸಿಲರೇಟರ್ ಒತ್ತಿಯೇ ಇದ್ದಾನೆ, ಬ್ರೇಕ್ ಜಾಗ ಇನ್ನೂ ದೂರವಿದೆ, ಆದರೆ ವೇಗದ ಗೆರೆ ಚಪ್ಪಟೆಯಾಗಿ ಇಳಿಯತೊಡಗಿದೆ ಅಂದರೆ ಅಲ್ಲಿ ವಿದ್ಯುತ್ ನೆರವು ನಿಂತಿದೆ. ಎರಡು ಕಾರುಗಳಲ್ಲಿ ಈ ಇಳಿತ ಎಲ್ಲಿ ಶುರುವಾಗುತ್ತದೆ ಎಂದು ಹತ್ತಾರು ಲ್ಯಾಪ್ ಹೋಲಿಸಿ ನೋಡಿದರೆ ಯಾರ ಪವರ್ ಯೂನಿಟ್ (ಎಂಜಿನ್, ಮೋಟಾರ್, ಬ್ಯಾಟರಿ ಸೇರಿದ್ದು) ಮುಂದಿದೆ ಅನ್ನುವುದು ಟೈಮ್ ಪಟ್ಟಿಗಿಂತ ಬೇಗ ತಿಳಿಯುತ್ತದೆ.