ಮುಟ್ಟುವ ಮೊದಲಿನ ಅರ್ಧ ನಿಮಿಷ

ಐಸಿಯುನಲ್ಲಿ ನರ್ಸ್ ಒಬ್ಬರು ಕೈ ಶುಚಿ ಮಾಡುವ ಆಲ್ಕೋಹಾಲ್ ದ್ರವವಾದ ಹ್ಯಾಂಡ್‌ರಬ್ ಹಾಕಿಕೊಂಡು ಕೈ ಚೆನ್ನಾಗಿ ಉಜ್ಜಿ, ಗ್ಲೌಸ್ ತೊಡುತ್ತಾರೆ. ಅಷ್ಟರಲ್ಲಿ ಮಾನಿಟರ್ ಕೂಗುತ್ತದೆ. ಗುಂಡಿ ಒತ್ತಿ ಅದನ್ನು ಸುಮ್ಮನಾಗಿಸುತ್ತಾರೆ, ಅಡ್ಡ ಬಂದ ಪರದೆ ಸರಿಸುತ್ತಾರೆ, ಅದೇ ಕೈಯಲ್ಲಿ ಡ್ರಿಪ್ ನಳಿಕೆಯ ಮುಚ್ಚಳ ಬಿಚ್ಚುತ್ತಾರೆ. ಗುಂಡಿ, ಪರದೆಗಳ ಮೇಲಿದ್ದ ಸೂಕ್ಷ್ಮಾಣುಗಳಿಗೆ ರೋಗಿಯ ನೆತ್ತರಿನವರೆಗೆ ದಾರಿ ಸಿಕ್ಕಿಬಿಡುತ್ತದೆ. ಆ ನರ್ಸ್‌ಗೆ ಪಾಠ ಗೊತ್ತಿಲ್ಲವೆಂದು ಹೇಳುವಂತಿಲ್ಲ. ಕೈ ಶುಚಿ ಮಾಡಿಕೊಂಡೇ ಬಂದವರು ಅವರು.

ಈ ಪಾಠ ಹೊಸದೂ ಅಲ್ಲ. ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ 1846ರಲ್ಲಿ ನೂರಕ್ಕೆ ಸುಮಾರು 11 ತಾಯಂದಿರು ಸಾಯುತ್ತಿದ್ದರು. ಮರುವರ್ಷ ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್, ಶವಪರೀಕ್ಷೆ ಮುಗಿಸಿ ಬಂದ ವೈದ್ಯರಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿಸಿದರು. ಜೂನ್ ಹೊತ್ತಿಗೆ ಸಾವು 2ರ ಆಸುಪಾಸಿಗೆ ಇಳಿಯಿತು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಕೈ ಶುಚಿ ಮಾಡಬೇಕಾದ ಪ್ರತಿ 100 ಸಂದರ್ಭಗಳಲ್ಲಿ ಸರಾಸರಿ 40ರಲ್ಲಷ್ಟೇ ಅದು ನಡೆದಿತ್ತು.

ಇದನ್ನು ಉಡಾಫೆ ಎಂದು ಬೈಯುವ ಮೊದಲು ಒಂದು ಲೆಕ್ಕ ಹಾಕೋಣ. ಐಸಿಯುನಲ್ಲಿ ಗಂಟೆಗೆ 20 ಸಲ ಕೈ ಶುಚಿ ಮಾಡಬೇಕಾಗಿ ಬಂತು ಎನ್ನಿ. ಸೋಪು ನೀರಿನಲ್ಲಿ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡು ಬೇಕು; ನಲ್ಲಿಯ ತನಕ ಹೋಗಿಬರುವ ಹೊತ್ತೂ ಸೇರಿದರೆ ಗಂಟೆಯ ಮೂರನೇ ಒಂದು ಪಾಲು ಅಲ್ಲಿಗೇ ಮುಗಿಯಿತು. ಕೆಲಸದ ಒತ್ತಡ ಹೆಚ್ಚಿದಷ್ಟೂ ಕೈ ಶುಚಿ ತಪ್ಪುವುದು ಅದಕ್ಕೇ. ಪದೇ ಪದೇ ಸೋಪು ತಾಗಿ ಬಿರುಕುಬಿಟ್ಟ ಚರ್ಮದ ಉರಿ ಬೇರೆ. ಗ್ಲೌಸ್ ಇದೆಯಲ್ಲ ಎಂಬ ಧೈರ್ಯವೂ ದಾರಿ ತಪ್ಪಿಸುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ರೋಗಿಯನ್ನು ಮುಟ್ಟಿದ ನಂತರ ಕೈ ತೊಳೆಯುವವರಷ್ಟು ಮಂದಿ ಮುಟ್ಟುವ ಮೊದಲು ತೊಳೆಯುವುದಿಲ್ಲ. ನಂತರದ್ದು ನಮ್ಮನ್ನು ಕಾಯುತ್ತದೆ, ಮೊದಲಿನದು ರೋಗಿಯನ್ನು. ಅಂಟಿದ ಕೊಳೆಯನ್ನು ಕಂಡು ಅಸಹ್ಯಪಡುವ ಮನಸ್ಸಿಗೆ, ಒಯ್ಯುತ್ತಿರುವ ಕೊಳೆ ಕಾಣುವುದೇ ಇಲ್ಲ.

ಆಲ್ಕೋಹಾಲ್ ಹ್ಯಾಂಡ್‌ರಬ್‌ಗೆ 20ರಿಂದ 30 ಸೆಕೆಂಡು ಸಾಕು, ನಲ್ಲಿ ಬೇಡ. (ಕೈಗೆ ಕೊಳೆ ಕಾಣುವಂತಿದ್ದರೆ, ಅಥವಾ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನಂಥ ಬ್ಯಾಕ್ಟೀರಿಯಾದ ಗಟ್ಟಿ ಕವಚದ ಬೀಜಕಗಳಿದ್ದರೆ ಸೋಪು ನೀರೇ ಬೇಕು.) ಜಿನೀವಾದ ಬೋಧನಾ ಆಸ್ಪತ್ರೆಯೊಂದರಲ್ಲಿ 1994ರಿಂದ ಹಾಸಿಗೆಯ ಪಕ್ಕದಲ್ಲೇ ಹ್ಯಾಂಡ್‌ರಬ್ ಸಿಗುವಂತೆ ಮಾಡಿ, ಜೊತೆಗೆ ಸತತ ಪ್ರಚಾರವನ್ನೂ ನಡೆಸಿದರು. 1997ರ ಹೊತ್ತಿಗೆ ಕೈ ಶುಚಿಯ ಪ್ರಮಾಣ ಶೇ. 48ರಿಂದ 66ಕ್ಕೆ ಏರಿತು. ಸೋಪಿನ ಬಳಕೆ ಇದ್ದಷ್ಟೇ ಇತ್ತು. ಹೆಚ್ಚಿದ್ದು ಕೈಗೆಟುಕುವ ಬಾಟಲಿಯ ಬಳಕೆ. ನರ್ಸ್‌ಗಳೂ ಸಹಾಯಕರೂ ಬದಲಾದರು. ವೈದ್ಯರಲ್ಲಿ ಮಾತ್ರ ಅಂಥ ಸುಧಾರಣೆ ಕಾಣಲಿಲ್ಲ.